ಅಪ್‌ಡೇಟ್: 80 ದಾಟಿದವರಿಗೆ ದೊಡ್ಡ ಹೃದಯಾಘಾತ, ಮುಂದೇನು?

80 ದಾಟಿದವರಿಗೆ ದೊಡ್ಡ ಹೃದಯಾಘಾತವಾಗಿ ಇಜೆಕ್ಷನ್ ಫ್ರ್ಯಾಕ್ಷನ್ (ಪ್ರತಿ ಬಡಿತಕ್ಕೆ ಹೃದಯ ಹೊರತಳ್ಳುವ ರಕ್ತದ ಪಾಲು) 30%ಗೆ ಇಳಿದರೆ ಉಳಿಯುವ ಸಾಧ್ಯತೆ ಎಷ್ಟು ಎಂದು ಕೇಳಿದ್ದೆ. ತಿಳಿದದ್ದನ್ನು ಹಂಚಿಕೊಳ್ಳುತ್ತಿದ್ದೇನೆ.

ವಯಸ್ಸೊಂದೇ ತೀರ್ಮಾನಿಸುವುದಿಲ್ಲ. ದಾಖಲಾದಾಗ ಶ್ವಾಸಕೋಶದಲ್ಲಿ ನೀರಿತ್ತೇ, ಬಿಪಿ ಕುಸಿದಿತ್ತೇ ಎಂಬುದು ಬಹಳ ಮುಖ್ಯ. ಇಂಥ ಲಕ್ಷಣ ನೋಡಿ ಅಪಾಯ ಅಳೆಯುವ 1967ರ ಕಿಲಿಪ್ ವರ್ಗೀಕರಣ ಇಂದಿಗೂ ಬಳಕೆಯಲ್ಲಿರುವುದು ಇದಕ್ಕೇ. ಕಾರ್ಡಿಯೋಜೆನಿಕ್ ಶಾಕ್ (ಹೃದಯ ಸೋತು ಅಂಗಗಳಿಗೆ ಸಾಕಷ್ಟು ರಕ್ತ ಹೋಗದ ಸ್ಥಿತಿ) ಆದವರಲ್ಲಿ ಸ್ಟೆಂಟ್ ಹಾಕಿದರೂ ಸುಮಾರು ಅರ್ಧದಷ್ಟು ಜನ ಉಳಿಯುವುದಿಲ್ಲ. ವಯಸ್ಸಾದವರಿಗೆ ಇನ್ನೂ ಕಷ್ಟ. ಮೊದಲ ವಾರ ಹೃದಯದ ಗೋಡೆ ಹರಿಯುವ ಅಪಾಯವೂ ಇದೆ.

ಆದರೆ ಮೊದಲ ಎಕೋದ (ಹೃದಯದ ಸ್ಕ್ಯಾನ್) ಇಜೆಕ್ಷನ್ ಫ್ರ್ಯಾಕ್ಷನ್ ಅಂಕಿ ನೋಡಿ ದಯವಿಟ್ಟು ಎದೆಗುಂದಬೇಡಿ. ರಕ್ತ ಸಿಗದೆ ಮಂಕಾದ ಸ್ನಾಯು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳಬಹುದು. ಹಾಗಾಗಿಯೇ ಐಸಿಡಿ (ಅಪಾಯಕಾರಿ ಬಡಿತವನ್ನು ಶಾಕ್ ಕೊಟ್ಟು ಸರಿಪಡಿಸುವ ಸಾಧನ) ಅಳವಡಿಸುವ ನಿರ್ಧಾರಕ್ಕೆ ಸಾಮಾನ್ಯವಾಗಿ ಕನಿಷ್ಠ 40 ದಿನ ಕಾದು, ಮತ್ತೆ ಎಕೋ ಮಾಡುತ್ತಾರೆ.

ಮನೆಯಲ್ಲಿ ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮುಂಚೆ ತೂಕ ನೋಡಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ಬಹುತೇಕ ಅದು ಮೈಯಲ್ಲಿ ನಿಂತ ನೀರು. ಅಂದೇ ವೈದ್ಯರಿಗೆ ತಿಳಿಸಿ. ಸ್ಪೈರೊನೊಲ್ಯಾಕ್ಟೋನ್ (ಪೊಟ್ಯಾಸಿಯಂ ಏರಿಸಬಲ್ಲ ಹೃದಯದ ಮಾತ್ರೆ) ಶುರು ಮಾಡಿದ್ದರೆ ವಾರದೊಳಗೆ ಪೊಟ್ಯಾಸಿಯಂ, ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವ ಅಂಶ) ಪರೀಕ್ಷೆ ಬೇಕು (ಎಳನೀರು ಕೊಡುವ ಮುನ್ನವೂ ಕೇಳಿ, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು). ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಮಾತ್ರ ಹಲ್ಲು ಕೀಳಿಸುವುದಕ್ಕೂ ತಾವಾಗಿ ನಿಲ್ಲಿಸಬೇಡಿ: ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿ ಮತ್ತೆ ಆಘಾತವಾಗಬಹುದು.