ಎಲ್ಮ್ ಅಂದ್ರೆ ತಪಸಿ ಮರವೇ?

ಎಲ್ಲರಿಗೂ ನಮಸ್ಕಾರ.

ಮರ ಬೆಳೆಸುವ ಬಗ್ಗೆ ಒಂದು ಇಂಗ್ಲಿಷ್ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಎಲ್ಮ್' (ಹೆಚ್ಚಾಗಿ ಚಳಿ ನಾಡುಗಳಲ್ಲಿ ಬೆಳೆಯುವ ಮರ) ಬಂದ ಕಡೆಯೆಲ್ಲ 'ತಪಸಿ' ಅಂತ ಬರೆದುಕೊಂಡು ಹೋಗಿದ್ದೆ. ಇಂಡಿಯನ್ ಎಲ್ಮ್ ಅಂದ್ರೆ ತಪಸಿ ತಾನೇ, ಹಾಗಾಗಿ ಎಲ್ಮ್ ಅಂದ್ರೂ ತಪಸಿ. ಗುರುತು ಹಿಡಿಯುವ ಅಧ್ಯಾಯಕ್ಕೆ ಬಂದಾಗ ಸಿಕ್ಕಿಬಿದ್ದೆ.

ಎಲ್ಮಿನ ಎಲೆಯ ಅಂಚು ಗರಗಸದ ಹಾಗೆ, ದೊಡ್ಡ ಹಲ್ಲಿನ ಮೈಮೇಲೆ ಮತ್ತೆ ಸಣ್ಣ ಹಲ್ಲು. ಎಲೆಯ ಬುಡ ಸೊಟ್ಟ: ತೊಟ್ಟು ಸೇರುವಲ್ಲಿ ಒಂದು ಪಕ್ಕ ಇನ್ನೊಂದಕ್ಕಿಂತ ಕೆಳಗೆ ಇಳಿದಿರುತ್ತದೆ. ಇಷ್ಟು ಬರೆದು ಎದ್ದುಹೋಗಿ ನಮ್ಮ ಬೀದಿ ಕೊನೆಯ ತಪಸಿಯಿಂದ ಒಂದು ಎಲೆ ಕಿತ್ತು ತಂದೆ. ಅಂಚಿನ ಮೇಲೆ ಬೆರಳಾಡಿಸಿದರೆ ಒಂದೂ ಹಲ್ಲಿಲ್ಲ, ಹೊಂಗೆ ಎಲೆಯಷ್ಟು ನುಣುಪು. ಹಿಸುಕಿದೆ. ಆ ವಾಸನೆ ಸೋಪು ಹಾಕಿ ತೊಳೆದರೂ ಸ್ವಲ್ಪ ಹೊತ್ತು ಕೈಯಲ್ಲೇ ಇತ್ತು. ಕೈಪಿಡಿಯಲ್ಲಿ ವಾಸನೆಯ ಸುದ್ದಿಯೇ ಇಲ್ಲ.

ಹೆಸರು ಬೆರೆತದ್ದು ಸುಮ್ನೆ ಅಲ್ಲ. ಏಪ್ರಿಲ್‌ನಲ್ಲಿ ನಮ್ಮ ತಾರಸಿಯ ನೀರಿನ ಜಾಲರಿಗೆ ತಪಸಿ ಕಾಯಿಗಳು ಬಂದು ಮೆತ್ತಿಕೊಳ್ಳುತ್ತವೆ. ರೂಪಾಯಿ ನಾಣ್ಯದಷ್ಟು ಅಗಲ, ಹಪ್ಪಳದಷ್ಟು ತೆಳು, ನಡುವೆ ಒಂದೇ ಚಪ್ಪಟೆ ಬೀಜ, ಸುತ್ತ ಕಾಗದದಂಥ ರೆಕ್ಕೆ. ಎಲ್ಮಿನ ಕಾಯಿಯೂ ಇದೇ ಅಚ್ಚು. ಸಸ್ಯಶಾಸ್ತ್ರಜ್ಞ ರಾಕ್ಸ್‌ಬರ್ಗ್ ಮೊದಲು ತಪಸಿಯನ್ನು ಎಲ್ಮಿನ ಕುಲಕ್ಕೇ ಸೇರಿಸಿ 'ಉಲ್ಮಸ್ ಇಂಟೆಗ್ರಿಫೋಲಿಯಾ' ಎಂದಿದ್ದ, ಅಂದರೆ ಅಂಚು ಸೀಳದ ಎಲೆಯ ಎಲ್ಮ್. ಆಮೇಲೆ ಪ್ಲಾಂಶೋ ಎಂಬ ಇನ್ನೊಬ್ಬ ಸಸ್ಯಶಾಸ್ತ್ರಜ್ಞ ಅದನ್ನು ಬೇರೆ ಮಾಡಿ 'ಹೋಲೋಪ್ಟೀಲಿಯಾ' ಎಂದ. ಅದರಲ್ಲೂ 'ಪ್ಟೀಲಿಯಾ' ಅಂದ್ರೆ ಗ್ರೀಕರ ಎಲ್ಮೇ! ಒಂದೇ ಕುಟುಂಬ, ಬೇರೆ ಕುಲ. ದಾಯಾದಿಗಳು ಅನ್ನಬಹುದು.

ಹಾಗಂತ ಹೆಸರು ಹಂಚಿಕೊಳ್ಳಲು ಬರುತ್ತದೆಯೇ? ಹೊಂಗೆಗೆ ಇಂಗ್ಲಿಷಿನಲ್ಲಿ ಇಂಡಿಯನ್ ಬೀಚ್ ಅಂತಾರೆ, ಬೇವಿಗೆ ಇಂಡಿಯನ್ ಲೈಲಾಕ್. ಯುರೋಪಿನ ಬೀಚ್ ಮರಗಳ ಕಾಡನ್ನು 'ಹೊಂಗೆ ಕಾಡು' ಅಂತ ಬರೆದರೆ ಬೆಂಗಳೂರಿನವರು ನಗುತ್ತಾರೆ. ನನ್ನ ಹಸ್ತಪ್ರತಿಯಲ್ಲಿ ಇದಕ್ಕಿಂತ ಕೆಟ್ಟದ್ದೇ ಆಗಿತ್ತು: ಡಚ್ ಎಲ್ಮ್ ರೋಗ ಹೋಗಿ 'ಡಚ್ ತಪಸಿ ರೋಗ'. ಅದು ತೊಗಟೆ ಕೊರೆಯುವ ಹುಳು ಹೊತ್ತು ತರುವ ಶಿಲೀಂಧ್ರ, ಮರದ ನೀರಿನ ದಾರಿ ಮುಚ್ಚಿ ಒಣಗಿಸುತ್ತದೆ. 1920ರ ದಶಕದಲ್ಲಿ ಹಾಲೆಂಡಿನವರು ಕಾರಣ ಪತ್ತೆ ಮಾಡಿದ್ದಕ್ಕೆ ಆ ಹೆಸರು. ಇಲ್ಲಿ ಯಾರಾದರೂ ಓದಿ, ಮಾರ್ಚಿಗೆ ಮುಂಚೆ ಎಲೆ ಉದುರಿಸಿ ಬರೀ ಕೊಂಬೆಯಲ್ಲಿ ಹೂ ಬಿಡುವ ತಪಸಿಯನ್ನು ನೋಡಿ ರೋಗ ಬಂತು ಅಂತ ಕಡಿಸಿದರೆ?

ಬೆಳೆಸುವ ಮಾತು ಮಾತ್ರ ಎರಡಕ್ಕೂ ಹೊಂದುತ್ತದೆ. ಬೀಜ ಜಾಸ್ತಿ ದಿನ ಇಡಬಾರದು, ಉದುರಿದ ಕೂಡಲೇ ತೆಳ್ಳಗೆ ಮಣ್ಣು ಮುಚ್ಚಿ ಬಿತ್ತಬೇಕು.

ಹಾಗಾಗಿ ಎಲ್ಮನ್ನು ಎಲ್ಮ್ ಎಂದೇ ಬಿಡುತ್ತೇನೆ. ಇಲ್ಲಿನ ನರ್ಸರಿಯಲ್ಲಿ ಬೋನ್ಸಾಯ್ ಕುಂಡದ ಚೈನೀಸ್ ಎಲ್ಮ್ ತೋರಿಸಿ ಹೆಸರು ಕೇಳಿದೆ. ಮಾಲಿ 'ಎಲ್ಮು ಸಾರ್' ಅಂದ. ಫಿಲ್ಮು ಇದ್ದ ಹಾಗೆ, ಸರಿಯಾಗೇ ಇದೆ. (ಅದರ ಎಲೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಆದರೂ ಅಂಚಿನಲ್ಲಿ ಹಲ್ಲು ಇತ್ತು.)

ಈಗ ನನ್ನ ಪ್ರಶ್ನೆಗಳು. 'ಎಲ್ಮಿನ ಎಲೆ' ನನ್ನ ಕಿವಿಗೆ ಬಸ್ಸಿನ, ಕಾರಿನ ಥರ ಸಲೀಸು, 'ಎಲ್ಮ್‌ನ' ತೊಡಕು. ನಿಮಗೆ? ತಪಸಿಗೆ ಪಟ್ಟಿಗಳಲ್ಲಿ ರಾಹುಬೀಜ, ರಸಬೀಜ ಅಂತಲೂ ಇದೆ. ನಿಮ್ಮ ಊರಲ್ಲಿ ಇವನ್ನು ಬಾಯಲ್ಲಿ ಆಡುವವರು ಇದ್ದಾರೆಯೇ? ಆ ರೆಕ್ಕೆ ಇರುವ ಕಾಯಿಗೆ ನಾನು 'ರೆಕ್ಕೆಗಾಯಿ' ಅಂತ ಹಾಕಿದ್ದೇನೆ. ಮಕ್ಕಳು ಆಡುವಾಗ ಅದಕ್ಕೆ ಬೇರೆ ಹೆಸರು ಇಟ್ಟಿದ್ದರೆ ತಿಳಿಸಿ, ನನ್ನದನ್ನು ಖುಷಿಯಿಂದ ತೆಗೆಯುತ್ತೇನೆ.