‘ನೇಬರ್‌ಹುಡ್ ಯುನಿಟ್’ ಎಂಬುದಕ್ಕೆ ಕನ್ನಡ ಪದ ಬೇಕಾಗಿದೆ

ಮಾನ್ಯರೇ,

ನಗರ ಯೋಜನೆಯ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಡದು ಅಚ್ಚಿಗೆ ಹೋಗಬೇಕು. ಅಮೆರಿಕದ ನಗರ ಯೋಜಕ ಕ್ಲಾರೆನ್ಸ್ ಪೆರ್ರಿ 1929ರಲ್ಲಿ ಮಂಡಿಸಿದ ‘ನೇಬರ್‌ಹುಡ್ ಯುನಿಟ್’ ಎಂಬುದಕ್ಕೆ ‘ಸ್ವಾವಲಂಬಿ ಬಡಾವಣೆ’ ಎಂದು ಬರೆದಿದ್ದೇನೆ. ಧಾರವಾಡದ ಗೆಳೆಯರು ‘ಓಣಿ’ ಎಂದರೆ ಸಾಕೆನ್ನುತ್ತಾರೆ. ಯಾವುದು ಸರಿ?

ಉತ್ತರ:

ಎರಡೂ ಸಲ್ಲವು. ‘ಬಡಾವಣೆ’ ಎಂದೊಡನೆ ನಮ್ಮ ಕಡೆ ಕಣ್ಣಿಗೆ ಬರುವುದು ಹೊಲವನ್ನು ಎನ್.ಎ. (ಕೃಷಿಯೇತರ ಭೂಮಿ) ಮಾಡಿಸಿ, ಕಲ್ಲು ನೆಟ್ಟು ಮಾರಿದ ಪ್ಲಾಟುಗಳ ಸಾಲು. ಪೆರ್ರಿ ಹೇಳಿದ್ದು ಬೇರೆ: ಸುಮಾರು 160 ಎಕರೆಯ ನಡುವೆ ಪ್ರಾಥಮಿಕ ಶಾಲೆಯಿರಬೇಕು, ಮಗು ದೊಡ್ಡ ರಸ್ತೆ ದಾಟದೆ ಅಲ್ಲಿಗೆ ನಡೆದು ಹೋಗುವಂತಿರಬೇಕು, ಅಂಗಡಿಗಳು ಅಂಚಿನಲ್ಲಿರಬೇಕು. ದುಡಿಮೆಯ ಜಾಗ ಆ ನಕ್ಷೆಯಲ್ಲಿಲ್ಲ. ಹಾಗಿರುವಾಗ ‘ಸ್ವಾವಲಂಬಿ’ ಎಂಬ ವಿಶೇಷಣ ಎಲ್ಲಿಂದ ಬಂತು? ಹುಬ್ಬಳ್ಳಿ, ಧಾರವಾಡಗಳ ನಡುವೆ ಯೋಜಿಸಿ ಕಟ್ಟಿದ ನವನಗರದ ಬಸ್ ನಿಲ್ದಾಣದಲ್ಲಿ ಬೆಳಗಿನ ಒಂಬತ್ತಕ್ಕೆ ನಿಂತವರನ್ನು ನೋಡಿದರೆ ಈ ಮಾತು ತಿಳಿಯುತ್ತದೆ: ದುಡಿಮೆಗೆಂದು ಅರ್ಧ ಮಂದಿ ಹುಬ್ಬಳ್ಳಿಯ ಕಡೆ, ಅರ್ಧ ಮಂದಿ ಧಾರವಾಡದ ಕಡೆ.

‘ಓಣಿ’ ನನಗೂ ಪ್ರಿಯವಾದ ಪದ. ಹುಬ್ಬಳ್ಳಿಯಲ್ಲಿ ಹೋಳಿ ಹಬ್ಬಕ್ಕೆ ಓಣಿ ಓಣಿಗೂ ಕಾಮಣ್ಣನನ್ನು ಕೂಡಿಸುತ್ತಾರೆ. ಕಿರಾಣಿ ಅಂಗಡಿಯವನು ಹುಡುಗನ ಮುಖ ನೋಡಿಯೇ ಅವರ ಮನೆಯ ಲೆಕ್ಕದಲ್ಲಿ ಉದ್ರಿ ಬರೆದುಕೊಳ್ಳುತ್ತಾನೆ. ಆದರೆ ಆ ಒಡನಾಟವನ್ನು ಯಾರೂ ನಕ್ಷೆಯಲ್ಲಿ ಬರೆದು ತರಲಿಲ್ಲ. ಮೇಲಾಗಿ ಓಣಿ, ಕೇರಿಗಳು ಹೆಚ್ಚಾಗಿ ಜಾತಿಯ ಲೆಕ್ಕದಲ್ಲಿ ಬೆಳೆದವು. ಅವನ್ನು ಯೋಜಕರು ಬಯಸಿದ ‘ಒಗ್ಗೂಡಿದ ಸಮುದಾಯ’ದ ಹೆಸರಾಗಿ ಅಚ್ಚು ಹಾಕುವುದು ನ್ಯಾಯವಲ್ಲ. ಅಮೆರಿಕದಲ್ಲಿಯೂ 1940ರ ದಶಕದಲ್ಲಿ ನಗರ ಯೋಜಕ ರೆಜಿನಾಲ್ಡ್ ಐಸಾಕ್ಸ್ ಅವರು, ಪೆರ್ರಿಯ ಘಟಕವು ಜನರನ್ನು ಬೇರ್ಪಡಿಸುವ ಸಾಧನವಾಗುತ್ತಿದೆಯೆಂದು ಆಕ್ಷೇಪಿಸಿದ್ದರು.

‘ನೆರೆಹೊರೆ ಘಟಕ’ ಎಂದು ಬರೆಯಿರಿ. ಇಲ್ಲಿ ‘ಹೊರೆ’ ಎಂದರೆ ಭಾರವಲ್ಲ; ಅದು ಹಳಗನ್ನಡದ ‘ಪೊರೆ’, ಎಂದರೆ ಬದಿ, ಸಮೀಪ. ‘ನೆರೆ’ ಎಂಬುದಕ್ಕೆ ಪಕ್ಕ ಎಂಬುದಲ್ಲದೆ ಕೂಡು, ಗುಂಪಾಗು ಎಂಬ ಅರ್ಥವೂ ಉಂಟು. ಯೋಜಕರು ಬಯಸಿದ್ದೆಲ್ಲ ಈ ಒಂದೇ ಪದದಲ್ಲಿದೆ. ‘ಘಟಕ’ ಸಂಸ್ಕೃತವೆಂದು ಮೂಗು ಮುರಿಯುವವರಿಗೆ ನನ್ನ ಉತ್ತರವಿಷ್ಟೇ: ಪೇಟೆಯಲ್ಲಿ ಹತ್ತಾರು ನುಡಿಗಳ ಪದಗಳನ್ನು ದಿನವೂ ಆಡುವ ಹುಬ್ಬಳ್ಳಿಯವರಿಗೆ ಎರವಲು ಹೊಸದಲ್ಲ.

ಅಚ್ಚಿಗೆ ಹೋಗುವ ಮೊದಲು ‘ಸ್ವಾವಲಂಬಿ’ಯನ್ನು ಹೊಡೆದುಹಾಕಿ, ಅಲ್ಲಿ ‘ದಿನಬಳಕೆಯ ಅಗತ್ಯಗಳು ನಡಿಗೆಯ ದೂರದಲ್ಲಿ ಸಿಗುವ’ ಎಂದು ಬರೆಯಿರಿ.