ಡ್ರೋನೇ ಗುರಿ ಹುಡುಕಿ ತಾನೇ ಹೊಡೆಯೋದಾದ್ರೆ, ಮನುಷ್ಯನ ಹಿಡಿತ ಎಲ್ಲಿರ್ಬೇಕು?

ಗೋಣಿಕೊಪ್ಪ_ಕಾಫಿತೋಟ:
ಕೈಲ್‌ಪೊಳ್ದ್ ಹಬ್ಬಕ್ಕೆ ಮನೇಲಿ ಎಲ್ಲಾ ಸೇರಿದಾಗ ಅಣ್ಣನ ಮಗನಿಗೂ ನನಗೂ ಜೋರು ವಾದ ಆಯ್ತು. ಅವನು ಎನ್‌ಡಿಎಗೆ, ಅಂದ್ರೆ ಸೇನೆಯ ಆಫೀಸರ್ ಟ್ರೈನಿಂಗ್ ಅಕಾಡೆಮಿಗೆ ಸೇರೋಕೆ ಓದ್ತಾ ಇದಾನೆ. ಅವನು ಹೇಳೋದು, ಮುಂದಿನ ಯುದ್ಧದಲ್ಲಿ ಮಷೀನೇ ಗುರಿ ಹುಡುಕಿ ಮಷೀನೇ ಹೊಡೀಬೇಕು, ಮಧ್ಯೆ ಆಫೀಸರ್ ಪರ್ಮಿಷನ್ ಅಂತ ಕಾಯ್ತಾ ಕೂತ್ರೆ ಅಷ್ಟೊತ್ತಿಗೆ ಎದುರಿನವನು ಹೊಡೆದು ಮುಗಿಸಿರ್ತಾನೆ ಅಂತ. ನನಗೆ ಇದನ್ನ ಒಪ್ಪಕ್ಕೇ ಆಗ್ತಿಲ್ಲ. ಇಲ್ಲಿ ಸರ್ವಿಸ್ ಮುಗಿಸಿ ಬಂದವರು ತುಂಬಾ ಜನ ಇದೀರಿ, ಕೊನೇ ತೀರ್ಮಾನ ಮನುಷ್ಯಂದೇ ಇರ್ಬೇಕು ಅನ್ನೋ ಕಾನೂನು ಏನಾದ್ರೂ ಇದ್ಯಾ? ಇದ್ರೂ ಸೆಕೆಂಡ್ ಲೆಕ್ಕದ ಯುದ್ಧದಲ್ಲಿ ಅದು ನಡಿಯತ್ತಾ?

ಸೋಮವಾರಪೇಟೆ_ಮಾಜಿಸೈನಿಕ:
ನಾನು ಏರ್ ಡಿಫೆನ್ಸ್‌ನಲ್ಲಿದ್ದವನು. ಮೊದ್ಲು ಎರಡು ವಿಷಯ ಬೇರೆ ಬೇರೆ ಇಟ್ಕೊಳ್ಳಿ. ಹಡಗಿನ ಮೇಲೆ ಬರೋ ಮಿಸೈಲನ್ನ ಗನ್ ತಾನಾಗೇ ಹೊಡೆಯೋದು ಹೊಸದಲ್ಲ, ಅಮೆರಿಕದ ಫ್ಯಾಲ್ಯಾಂಕ್ಸ್ ಅನ್ನೋ ಅಂಥ ಗನ್ 1980ರಿಂದ ಇದೆ, ಅಲ್ಲಿ ಎದುರಿಗಿರೋದು ಮಿಸೈಲ್, ಸುತ್ತ ಸಮುದ್ರ. ಊರ ಮೇಲೆ ಹಾರಾಡ್ತಾ ಯಾರು ಸೈನಿಕ, ಯಾರು ಸೌದೆಗೆ ಹೋದವನು, ಯಾರು ಕೈ ಎತ್ತಿ ಶರಣಾಗ್ತಾ ಇದಾನೆ ಅಂತ ಮಷೀನ್ ತೀರ್ಮಾನ ಮಾಡೋದು ಬೇರೇನೇ. ನಮ್ಮ ಕಡೆ ಸಂಜೆ ಹೊತ್ತು ಕಾಫಿ ಗಿಡ ಅಲ್ಲಾಡ್ತು ಅಂತ ಹಂದಿ ಅಂದ್ಕೊಂಡು ಗುಂಡು ಹೊಡೆದು ಮನುಷ್ಯ ಸತ್ತಿರೋದನ್ನ ಕೇಳಿಲ್ವಾ, ಗಿಡ ಅಲ್ಲಾಡಿದ್ದಷ್ಟೇ ನೋಡಿ ಟ್ರಿಗರ್ ಒತ್ತೋ ಮಷೀನ್ ಮಾಡಿ ಬಿಟ್ರೆ ಅದೇ ಗತಿ.

ಆದ್ರೆ ಬಟನ್ ಹತ್ರ ಒಬ್ಬನ್ನ ಕೂರಿಸಿದ್ರೆ ಸಾಕು ಅನ್ಕೋಬೇಡಿ. 2003 ಮಾರ್ಚ್ 23ಕ್ಕೆ ಇರಾಕ್ ಯುದ್ಧದಲ್ಲಿ ಅಮೆರಿಕದ ಪೇಟ್ರಿಯಾಟ್ ಮಿಸೈಲ್ ಬ್ಯಾಟರಿ ಬ್ರಿಟಿಷರ ಟೊರ್ನಾಡೋ ವಿಮಾನನ ಹೊಡೆದುಹಾಕ್ತು, ಇಬ್ಬರು ಸತ್ರು. ಕೂತಿದ್ದವರು ಮನುಷ್ಯರೇ. ಸ್ಕ್ರೀನು ಅದನ್ನ ರಡಾರ್ ಹುಡುಕಿ ಬರೋ ಮಿಸೈಲ್ ಅಂತ ತೋರಿಸ್ತು, ಇವರಿಗೆ ಸಿಕ್ಕಿದ್ದು ಕೆಲವೇ ಸೆಕೆಂಡು, ಮಷೀನ್ ಹೇಳಿದ್ದನ್ನೇ ನಂಬಿದ್ರು. ಹತ್ತೇ ದಿನಕ್ಕೆ ಅವರದ್ದೇ ನೇವಿಯ ಹಾರ್ನೆಟ್ ವಿಮಾನನೂ ಹಾಗೇ ಬಿತ್ತು. ಬೇಡ ಅನ್ನೋಕೆ ಟೈಮು, ಸ್ಕ್ರೀನ್ ಬಿಟ್ಟು ಬೇರೆ ಮಾಹಿತಿ, ಬೇಡ ಅನ್ನೋ ಅಧಿಕಾರ, ಈ ಮೂರೂ ಇಲ್ದೆ ಇದ್ರೆ ಅವನು ಬರೀ ಸಹಿ ಹಾಕೋನು.

ವಿರಾಜಪೇಟೆ_ಸಾಫ್ಟ್‌ವೇರ್:
ಸರ್, ಗೌರವ ಇಟ್ಕೊಂಡೇ ಹೇಳ್ತೀನಿ, ಮನುಷ್ಯ ಇದ್ರೆ ಸರಿ ಹೋಗತ್ತೆ ಅನ್ನೋದನ್ನ ನಾನು ಒಪ್ಪಲ್ಲ. 1988ರಲ್ಲಿ ಅಮೆರಿಕದ ವಿನ್ಸೆನ್ಸ್ ಯುದ್ಧ ಹಡಗಿನವರು ಇರಾನಿನ ಪ್ರಯಾಣಿಕರ ವಿಮಾನ ಹೊಡೆದು 290 ಜನ ಸತ್ರಲ್ಲ, ಅಲ್ಲಿ ಕಂಪ್ಯೂಟರ್ ವಿಮಾನ ಮೇಲೆ ಏರ್ತಾ ಇದೆ ಅಂತ ಸರಿಯಾಗೇ ತೋರಿಸ್ತಿತ್ತು, ಗಾಬರಿಲಿ ಜನ ಇಳೀತಾ ಇದೆ ಅಂತ ಕೂಗಿದ್ರು. ನಮ್ಮಲ್ಲೇ 2019 ಫೆಬ್ರವರಿ 27ಕ್ಕೆ ಕಾಶ್ಮೀರದ ಬಡ್ಗಾಮ್‌ನಲ್ಲಿ ನಮ್ಮ ಮಿಸೈಲೇ ನಮ್ಮ ಎಂಐ-17 ಹೆಲಿಕಾಪ್ಟರನ್ನ ಹೊಡೀತು, ಏರ್‌ಫೋರ್ಸಿನ ಆರು ಜನ, ಕೆಳಗಿದ್ದ ಒಬ್ಬ ಊರಿನವರು ಹೋದ್ರು. ಇನ್ನೊಂದು, ಈಗ ಎದುರಾಳಿ ಮೊದ್ಲು ಮಾಡೋದೇ ಡ್ರೋನ್‌ಗೂ ಆಪರೇಟರ್‌ಗೂ ಇರೋ ರೇಡಿಯೋ ಲಿಂಕ್ ಜಾಮ್. ಲಿಂಕೇ ಇಲ್ದೆ ಇದ್ರೆ ಯಾವ ಮನುಷ್ಯನ್ನ ಕೇಳೋದು?

ಮಡಿಕೇರಿ_ವಕೀಲೆ:
ಕಾನೂನಿನ ಪ್ರಶ್ನೆಗೆ ಉತ್ತರ: ಇದಕ್ಕೇ ಅಂತ ಮಾಡಿದ ಅಂತರರಾಷ್ಟ್ರೀಯ ಒಪ್ಪಂದ ಇನ್ನೂ ಇಲ್ಲ. ಜಿನೀವಾದಲ್ಲಿ 2017ರಿಂದ ಸರ್ಕಾರಿ ತಜ್ಞರ ಗುಂಪು ಕೂತು ಮಾತಾಡ್ತಾ ಇದೆ, ಶುರುವಿನ ಅಧ್ಯಕ್ಷರು ನಮ್ಮ ಭಾರತದ ರಾಯಭಾರಿ ಅಮನ್‌ದೀಪ್ ಸಿಂಗ್ ಗಿಲ್. 2019ರಲ್ಲಿ 11 ತತ್ವ ಒಪ್ಪಿದ್ರು, ಅದ್ರಲ್ಲಿ ಹೊಣೆ ಮನುಷ್ಯರ ಮೇಲೇ ಇರ್ಬೇಕು, ಮಷೀನ್ ಮೇಲೆ ಹಾಕೋ ಹಾಗಿಲ್ಲ ಅನ್ನೋದೂ ಇದೆ. 2023ರ ಡಿಸೆಂಬರ್‌ನಲ್ಲಿ ಇಂಥ ಆಯುಧಗಳ ಬಗ್ಗೆ ವಿಶ್ವಸಂಸ್ಥೆ ನಿರ್ಣಯಕ್ಕೆ 152 ದೇಶ ಪರ, ವಿರೋಧ ಮಾಡಿದ ನಾಲ್ಕರಲ್ಲಿ ಭಾರತನೂ ಒಂದು, ಚರ್ಚೆ ಜಿನೀವಾದಲ್ಲೇ ನಡೀಲಿ ಅನ್ನೋದು ನಮ್ಮ ವಾದ. ನನಗೆ ಈ ನಿಲುವು ಸಮಾಧಾನ ಕೊಟ್ಟಿಲ್ಲ, ಇಷ್ಟು ಸೈನಿಕರನ್ನ ಕಳಿಸಿದ ಜಿಲ್ಲೆಯವರು ನಾವಾದ್ರೂ ಎಂಪಿ ಹತ್ರ ಇದನ್ನ ಕೇಳ್ಬೇಕು.

ಹೊಣೆ ಯಾಕೆ ದೊಡ್ಡದು ಅಂದ್ರೆ, 2022 ಮಾರ್ಚ್‌ನಲ್ಲಿ ನಮ್ಮ ಬ್ರಹ್ಮೋಸ್ ಮಿಸೈಲ್ ತಪ್ಪಿ ಹಾರಿ ಪಾಕಿಸ್ತಾನದಲ್ಲಿ ಬಿತ್ತು. ವಿಚಾರಣೆ ಆಯ್ತು, ಮೂವರು ಆಫೀಸರ್‌ಗಳನ್ನ ಕೆಲಸದಿಂದ ತೆಗೆದ್ರು. ತಾನೇ ತೀರ್ಮಾನ ಮಾಡಿದ ಡ್ರೋನ್ ಒಂದು ಮದುವೆ ಮನೆಗೆ ಹೊಡೆದ್ರೆ ಯಾರನ್ನ ವಿಚಾರಣೆ ಮಾಡ್ತೀರಿ, ಕೋಡ್ ಬರೆದವರನ್ನಾ, ಖರೀದಿಗೆ ಸಹಿ ಹಾಕಿದವರನ್ನಾ?

ಗೋಣಿಕೊಪ್ಪ_ಕಾಫಿತೋಟ:
ಮೇಡಂ, ತುಂಬಾ ಉಪಕಾರ ಆಯ್ತು. ಆದ್ರೆ ಲಿಂಕ್ ಜಾಮ್ ಆಗೋ ವಿಷಯಕ್ಕೆ ಉತ್ತರ ಬರ್ಲಿಲ್ಲ ಸರ್.

ಸೋಮವಾರಪೇಟೆ_ಮಾಜಿಸೈನಿಕ:
ಬರ್ತೀನಿ. ಬಡ್ಗಾಮ್ ಬಗ್ಗೆ ಅವರು ಹೇಳಿದ್ದು ನಿಜ, ಅದು ನೆನೆಸಿದ್ರೆ ಇವತ್ತೂ ಹೊಟ್ಟೆ ಉರಿಯತ್ತೆ. ಆದ್ರೆ ಅಲ್ಲಿ ಕೆಟ್ಟಿದ್ದು ನಮ್ಮವರು ಯಾರು ಅಂತ ಗುರುತು ಹಿಡಿಯೋ ವ್ಯವಸ್ಥೆ ಮತ್ತೆ ಒಬ್ಬರಿಗೊಬ್ಬರ ಸಂಪರ್ಕ, ಆ ಗುರುತೇ ಸಿಗ್ದೆ ಇದ್ರೆ ಮಷೀನ್ ಇನ್ನೂ ಬೇಗ ಹೊಡೆಯತ್ತೆ ಅಷ್ಟೇ. ಲಿಂಕ್ ಹೋದ್ರೆ ಏನು ಅನ್ನೋದನ್ನ ಹಾರಿಸೋ ಮೊದ್ಲೇ ಮನುಷ್ಯ ತೀರ್ಮಾನ ಮಾಡಿರ್ಬೇಕು, ಇಷ್ಟು ಜಾಗ, ಇಷ್ಟು ಹೊತ್ತು, ಇಂಥದ್ದೇ ಗುರಿ, ಅದು ಬಿಟ್ರೆ ವಾಪಸ್ ಬಾ ಇಲ್ಲಾ ಖಾಲಿ ಜಾಗದಲ್ಲಿ ಬೀಳು. ಅಮೆರಿಕದ ರಕ್ಷಣಾ ಇಲಾಖೆ 2012ರಲ್ಲೇ ಅರೆ-ಸ್ವಯಂಚಾಲಿತ ಆಯುಧಗಳಿಗೆ ಈ ನಿಯಮ ಬರೆದಿದೆ, ಸಂಪರ್ಕ ಕಡಿದಾಗ ಆಪರೇಟರ್ ಮೊದ್ಲು ಆರಿಸದ ಗುರಿನ ಅದು ತಾನಾಗಿ ಆರಿಸೋ ಹಾಗಿಲ್ಲ ಅಂತ. ನಮ್ಮಲ್ಲಿರೋ ಹಾರೊಪ್ ಅನ್ನೋ ದಾಳಿ ಡ್ರೋನ್‌ನಲ್ಲೂ ಲಿಂಕ್ ಇದ್ರೆ ದಾಳಿನ ಮಧ್ಯದಲ್ಲೇ ನಿಲ್ಲಿಸಬಹುದು. ನಿಲ್ಲಿಸು ಅಂದ ಹುಡುಗನ್ನ ಆಮೇಲೆ ಕರೆದು ಯಾಕೆ ನಿಲ್ಲಿಸ್ದೆ ಅಂತ ಬೈಯೋ ಯೂನಿಟ್ ಆದ್ರೆ ಮುಂದಿನ ಸಲ ಅವನು ಸುಮ್ನೆ ಇದ್ದುಬಿಡ್ತಾನೆ, ಆದ್ರಿಂದ ಬೇಡ ಅನ್ನೋದನ್ನೂ ಎಕ್ಸರ್‌ಸೈಜ್‌ನಲ್ಲಿ ಪ್ರಾಕ್ಟೀಸ್ ಮಾಡಿಸ್ಬೇಕು.

ವಿರಾಜಪೇಟೆ_ಸಾಫ್ಟ್‌ವೇರ್:
ಜಾಗ, ಹೊತ್ತು ಮೊದ್ಲೇ ಕಟ್ಟಿಹಾಕೋದು ಕೋಡ್‌ನಲ್ಲಿ ಮಾಡಬಹುದಾದ ಕೆಲಸ, ಅದನ್ನ ಒಪ್ತೀನಿ. ಜನರ ಮೇಲೆ ಬೇಡ ಅನ್ನೋದಕ್ಕೂ ನನ್ನ ತಕರಾರಿಲ್ಲ. ಡ್ರೋನ್ ಹಿಂಡು ಬಂದಾಗ ಡ್ರೋನನ್ನ ಹೊಡೆಯೋಕೆ ಮಾತ್ರ ಮಷೀನ್‌ಗೆ ಬಿಡ್ಲೇಬೇಕು ಸರ್.